ಟಾಕಿಗೆ ಹಾಕಿದ ಕೀಲಿ

ಕುಕನೂರು
೧೦ ಜನವರಿ ೨೦೨೫

ಕೊಟ್ರೇಶಾ,

ಕ್ಷೇಮ ಸಮಾಚಾರದಿಂದ ಕಾಗದ ಶುರು ಮಾಡಬೇಕು ಅನ್ನುವುದು ನನಗೂ ಗೊತ್ತು. ಆದರೆ ಈ ಮನೆಯಲ್ಲಿ ಸದ್ಯ ಯಾರೂ ಕ್ಷೇಮವಾಗಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ನೀನು ಕಟ್ಟಿಕೊಟ್ಟ ಇಂಜಿನ್ ಕ್ಷೇಮವಾಗಿಲ್ಲ. ಅದಕ್ಕೆ ನೇರ ವಿಷಯಕ್ಕೇ ಬರುತ್ತೇನೆ.

ಈ ಕಾಗದ ತಂದ ಟೆಂಪೋದಲ್ಲೇ ನಮ್ಮ ಹಿಟ್ಟಿನ ಗಿರಣಿಯ ಡೀಸೆಲ್ ಇಂಜಿನ್ನನ್ನೂ ಹೇರಿ ಕಳಿಸಿದ್ದೇನೆ. ಇಳಿಸಿಕೋ. ಹೋದ ಯುಗಾದಿಗೆ ನೀನೇ ಬಿಚ್ಚಿ, ನೀನೇ ಕಟ್ಟಿ, ಎದೆ ತಟ್ಟಿಕೊಂಡು ಹೇಳಿದ್ದೆಯಲ್ಲ, "ಅಕ್ಕಾ, ಇನ್ನ ಹತ್ತು ವರ್ಷ ಇದರ ಕಡೆ ಹೊಳ್ಳಿ ನೋಡೂ ಹಂಗಿಲ್ಲ" ಅಂತ? ನೀನಂತೂ ಹೊಳ್ಳಿ ನೋಡಲಿಲ್ಲ, ನಿನ್ನ ಪಾಲಿನ ಮಾತು ಉಳಿಸಿಕೊಂಡೆ. ಇಂಜಿನ್ ಮಾತ್ರ ವರ್ಷ ತುಂಬುವ ಮೊದಲೇ ಕೈ ಎತ್ತಿತು.

ದೀಪಾವಳಿ ಕಳೆದಾಗಿನಿಂದ ಕರಿ ಹೊಗೆ ಬಿಡುತ್ತಿತ್ತು. ಬೆಳಿಗ್ಗೆ ಹ್ಯಾಂಡಲ್ ತಿರುಗಿಸಿ ತಿರುಗಿಸಿ ನಮ್ಮ ಮನೆಯವರ, ಅಂದರೆ ನಿನ್ನ ಗವಿಸಿದ್ದೇಶ ಮಾವನ ಭುಜ ಊದಿದೆ. ಬೀಜದ ಅಂಗಡಿಯಲ್ಲಿ ಚೀಲ ಎತ್ತಲಾಗದೆ ಮಾಲೀಕನಿಂದ ಬೈಸಿಕೊಳ್ಳುತ್ತಿದ್ದಾರೆ. ಕೊನೆಗೆ ಮೊನ್ನೆ ತಾಜಬೀಯ ಜೋಳ ಅರ್ಧ ಬೀಸಿ, ಕೆಮ್ಮಿ, ನಿಂತೇಬಿಟ್ಟಿತು. ಉಳಿದ ಅರ್ಧ ಜೋಳವನ್ನು ಅವಳು ನನ್ನ ಕಣ್ಣೆದುರೇ ಮೊರದಿಂದ ತೋಡಿಕೊಂಡು ಬಸ್ ನಿಲ್ದಾಣದ ಹತ್ತಿರದ ಕರೆಂಟ್ ಗಿರಣಿಗೆ ಹೋದಳು. ಹೋಗುವಾಗ ಏನಂದಳು ಗೊತ್ತೇನು? "ತಮ್ಮ ಕಟ್ಟಿದ್ದಂತಲ್ಲ ಲಲಿತವ್ವಾ?" ಅಂದಳು. ಅಷ್ಟೇ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಫೋನ್ ಮಾಡದೆ ಕಾಗದ ಯಾಕೆ ಅಂತ ಕೇಳಬೇಡ. ಫೋನಿನಲ್ಲಿ ನಮ್ಮಿಬ್ಬರಿಗೆ ಹಲೋ ಅನ್ನುವಷ್ಟರಲ್ಲಿ ಜಗಳ ಹತ್ತುತ್ತದೆ, ನೀನು ಕಟ್ ಮಾಡುತ್ತೀ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಪೂರ್ತಿ ಓದಲೇಬೇಕು.

ನಿನ್ನ ಮೇಲೆ ಸಿಟ್ಟಾಗಿರುವ ಅಕ್ಕ,
ಲಲಿತಾ

ಇಂಜಿನ್ನಿನ ಜೊತೆ ಒಂದು ಬಟ್ಟೆಯ ಗಂಟಿದೆ. ಅವ್ವ ಶೇಂಗಾ ಹಿಂಡಿ, ಕಟಕ ರೊಟ್ಟಿ ಕಟ್ಟಿದ್ದಾಳೆ. ಬೇಡ ಅಂದೆ. ಕೇಳಲಿಲ್ಲ.

*

ಗಂಗಾವತಿ
೧೬ ಜನವರಿ ೨೦೨೫

ಅಕ್ಕಾ,

ನಿನ್ನ ಕಾಗದ ಪೂರ್ತಿ ಓದಿದೆ. ಎರಡು ಸಲ ಓದಿದೆ. ಹಿಂಡಿ ಖಾಲಿಯಾಗಿದೆ, ಅವ್ವನಿಗೆ ಹೇಳು.

ಈಗ ನನ್ನ ಸರದಿ. ಇದು ಇಂಜಿನ್ನೋ, ಹುತ್ತವೋ? ಟೆಂಪೋದಿಂದ ಇಳಿಸುವಾಗ ಕೈ ಹಾಕಲು ಕಬ್ಬಿಣವೇ ಸಿಗಲಿಲ್ಲ. ಮೇಲೆ ಹಿಟ್ಟು, ಅದರ ಮೇಲೆ ಸೋರಿದ ಆಯಿಲ್, ಅದರ ಮೇಲೆ ಅಮಾಸೆಗೊಮ್ಮೆ ಹಚ್ಚಿದ ಕುಂಕುಮ, ಅರಿಶಿನದ ಭಂಡಾರ, ಮತ್ತೆ ಹಿಟ್ಟು, ಮತ್ತೆ ಆಯಿಲ್. ಎಲ್ಲ ಸೇರಿ ಬೆರಳು ದಪ್ಪದ ಜಿಡ್ಡು ಆಗಿದೆ. ಸೀಮೆಎಣ್ಣೆ ಬಿಟ್ಟು ನೆನೆಹಾಕಿದರೂ ಬಿಡುತ್ತಿಲ್ಲ. ಹಳೆ ಗರಗಸದ ಬ್ಲೇಡಿನಿಂದ ಹೆರೆದು ಹೆರೆದು ಮೊದಲು ಇಂಜಿನ್ ಎಲ್ಲಿದೆ ಅಂತ ಹುಡುಕಿದ್ದೇನೆ. ನಾನು ಹೇಳಿ ಬಂದದ್ದೇನು? "ವಾರಕ್ಕೊಮ್ಮಿ ಅರಬೀಲೆ ಒರಸ್ರಿ" ಅಂದಿದ್ದೆ. ಯಾರು ಒರೆಸಿದಿರಿ? ಒಬ್ಬರ ಹೆಸರು ಹೇಳು.

ಅದು ಹೊರಗಿನ ಮಾತು. ಒಳಗಿನದು ಕೇಳು. ಹೆಡ್ ತೆಗೆದೆ. ಅಕ್ಕಾ, ಹೊಗೆ ಹೊರಗೆ ಹೋಗುವ ದಾರಿ ಇರುತ್ತದಲ್ಲ, ಅಲ್ಲಿ ಕಿರುಬೆರಳು ಹೋಗಲೂ ಜಾಗವಿಲ್ಲ. ಮಸಿ ಕಟ್ಟಿ ಕಟ್ಟಿ ಮುಚ್ಚಿದೆ. ಪಿಸ್ಟನ್ ತಲೆಯ ಮೇಲೆ ಕಾರ್ಬನ್ ಪದರು ಪದರಾಗಿ ಕೂತಿದೆ. ರಿಂಗುಗಳು ತಮ್ಮ ಕಚ್ಚುಗಳಲ್ಲೇ ಅಂಟಿಕೊಂಡು ಅಲುಗಾಡುತ್ತಿಲ್ಲ. ರಿಂಗು ಅಲುಗಾಡದಿದ್ದರೆ ಇಂಜಿನ್ನಿಗೆ ದಮ್ಮು ಎಲ್ಲಿಂದ ಬರಬೇಕು? ನಾನು ಇಪ್ಪತ್ತು ವರ್ಷ ಓಡಿದ ಇಂಜಿನ್ನುಗಳನ್ನು ಬಿಚ್ಚಿದ್ದೇನೆ, ಇಷ್ಟು ಮಸಿ ನೋಡಿಲ್ಲ.

ಡೀಸೆಲ್ ಫಿಲ್ಟರಿನ ತಳದಲ್ಲಿ ಏನೋ ಕೆಸರು ಇತ್ತು. ಅದರಲ್ಲಿ ಒಂದು ಮೆಣಸಿನಕಾಯಿ ಬೀಜ ಸಿಕ್ಕಿತು. ಡೀಸೆಲ್ ಟಾಕಿಗೆ ಏನು ಹಾಕಿದಿರಿ, ನಿಜ ಹೇಳು.

ಇಷ್ಟು ಸಿಟ್ಟು ಯಾಕೆ ಅಂದರೆ ಕಾರಣ ಇದೆ. ಸಿದ್ದಾಪುರದ ವಿರೂಪಾಕ್ಷಪ್ಪನವರು ತಮ್ಮ ರೈಸ್ ಮಿಲ್ಲಿನ ಇಂಜಿನ್, ಭತ್ತ ಕೊಯ್ಯುವ ಮಷೀನು, ಎಲ್ಲದರ ಕೆಲಸ ನನಗೇ ಕೊಡುತ್ತೇನೆ ಅಂದಿದ್ದರು. ಆ ಮಾತು ನಂಬಿಯೇ ನಾನು ಸಿದ್ದಾಪುರದ ರಸ್ತೆಯಲ್ಲಿ ಸ್ವಂತ ಅಂಗಡಿ ಹಾಕಿದ್ದು. ನಿನ್ನೆ ಬಂದರು. ಅಂಗಳದಲ್ಲಿ ಬಿದ್ದ ನಿನ್ನ ಇಂಜಿನ್ ನೋಡಿದರು. "ಇದ ಏನ್ರೀ ಕೊಟ್ರೇಶ, ನಿಮ್ಮ ಅಕ್ಕನ ಗಿರಣೀದು? ವರ್ಷನೂ ಬಾಳಲಿಲ್ಲಂತಲ್ರೀ" ಅಂದರು. ಕುಕನೂರಿನ ಮಾತು ಸಿದ್ದಾಪುರ ಮುಟ್ಟಿದ್ದು ಹೇಗೆ? ಚಹಾ ಕುಡಿಯದೆ ಹೋದರು. ನನ್ನ ಹೆಸರು ಹೋಗಿದೆ ಅಕ್ಕಾ, ಇಂಜಿನ್ ಅಲ್ಲ.

ಕೊಟ್ರೇಶ

*

ಕುಕನೂರು
೨೩ ಜನವರಿ ೨೦೨೫

ಕೊಟ್ರೇಶಾ,

ಅಯ್ಯ ಶಿವನೇ, ಮೆಣಸಿನಕಾಯಿ ಬೀಜವಂತೆ! ನಾವು ಗಿರಣಿಯಲ್ಲಿ ಖಾರ ಕುಟ್ಟುತ್ತೇವೋ, ಮಲ್ಲಿಗೆ ಹೂವು ಕುಟ್ಟುತ್ತೇವೋ? ನನ್ನ ತಲೆಯಲ್ಲಿ ಹುಡುಕು, ಮೆಣಸಿನಕಾಯಿ ಬೀಜ ಸಿಗುತ್ತದೆ. ನಿನ್ನ ಮಾವನ ಜೇಬಿನಲ್ಲಿ ಸಿಗುತ್ತದೆ. ನೀನು ಪತ್ತೇದಾರನ ಹಾಗೆ ಒಂದು ಬೀಜ ಹಿಡಿದುಕೊಂಡು ನನ್ನನ್ನು ಪ್ರಶ್ನೆ ಕೇಳುತ್ತೀಯಾ? ಟಾಕಿಗೆ ಡೀಸೆಲ್ ಹಾಕಿದ್ದೇವೆ. ಇನ್ನೇನು ಹಾಕುತ್ತಾರೆ, ಪಾಯಸವೇ?

ಸಿದ್ದಾಪುರಕ್ಕೆ ಮಾತು ಮುಟ್ಟಿದ್ದು ನನ್ನಿಂದ ಅಲ್ಲ. ನಾನು ಯಾರಿಗೂ ಹೇಳಿಲ್ಲ. ತಾಜಬೀಗೆ ಹೇಳಿದ್ದೆ, ಅದೂ ಅವಳು ಕೇಳಿದ್ದಕ್ಕೆ. ಅವಳ ತಂಗಿಯನ್ನು ಸಿದ್ದಾಪುರಕ್ಕೆ ಕೊಟ್ಟಿದ್ದಾರೆ ಅನ್ನುವುದು ನನಗೆ ಆಮೇಲೆ ನೆನಪಾಯಿತು. ಈಗ ನನ್ನನ್ನು ಏನು ಮಾಡೆನ್ನುತ್ತೀ? ಇಂಜಿನ್ ನಿಂತದ್ದು ಸುಳ್ಳೇ?

ಸಾಲದೆ ಈಗ ನನಗೆ ಪಾಠ ಬೇರೆ ಹೇಳುತ್ತೀ, ಯಾರು ಒರೆಸಿದಿರಿ ಅಂತ. ಪ್ರತಿ ಅಮಾಸೆಗೂ ಬಂದು ಆಯಿಲ್ ನೋಡುತ್ತೇನೆ, ಪೂಜೆ ನಾನೇ ಮಾಡುತ್ತೇನೆ ಅಂದವರು ಯಾರು? ಯುಗಾದಿ ಕಳೆದು ಮಣ್ಣೆತ್ತಿನ ಅಮಾಸೆ ಆಯಿತು, ದೀಪಾವಳಿ, ಎಳ್ಳ ಅಮಾಸೆ ಎಲ್ಲ ಆಯಿತು. ಪ್ರತಿ ಸಲ ಫೋನಿನಲ್ಲಿ "ಸೀಜನ್ ಐತಿ ಅಕ್ಕಾ, ಮುಂದಿನ ಅಮಾಸಿಗೆ" ಅನ್ನುವುದು. ಅವ್ವ ಬೆಳಿಗ್ಗೆಯಿಂದ ಹಿಟ್ಟು ಕಲಸಿ, ಮಿರ್ಚಿ ಕರಿದು, ಬಾಗಿಲಲ್ಲಿ ಕೂತಿರುತ್ತಿದ್ದಳು. ಕೊನೆಗೆ ಓಣಿಯವರನ್ನು ಕರೆದು ಹಂಚುತ್ತಿದ್ದಳು.

ಮುಂದಿನ ವಾರ ಮತ್ತೆ ಅಮಾಸೆ. ಗಿರಣಿಯಲ್ಲಿ ಇಂಜಿನ್ ಇದ್ದ ಕಟ್ಟೆ ಖಾಲಿ ಬಿದ್ದಿದೆ. ಅವ್ವ ಆ ಕಟ್ಟೆಗೇ ಕುಂಕುಮ ಹಚ್ಚುತ್ತಾಳಂತೆ. ದಿನಾ ಬೆಳಗಾದರೆ "ಕೊಟ್ರ್ಯಾನ ಪತ್ರ ಬಂತೇನು?" ಅಂತ ಕೇಳುತ್ತಾಳೆ. ಬಂದರೆ "ಏನ್ ಬರದಾನ?" ಅನ್ನುತ್ತಾಳೆ. ನೀನು ಬರೆದಿದ್ದನ್ನು ಅವಳ ಮುಂದೆ ಓದಲು ಬರುತ್ತದೆಯೇ? ಕ್ಷೇಮವಂತೆ ಅನ್ನುತ್ತೇನೆ.

ಹಿಂಗಾರಿ ಜೋಳ ಇನ್ನೊಂದು ತಿಂಗಳಲ್ಲಿ ಕಣಕ್ಕೆ ಬರುತ್ತದೆ. ಅಷ್ಟರಲ್ಲಿ ಇಂಜಿನ್ ಕೂರದಿದ್ದರೆ ಗಿರಾಕಿಗಳು ಆ ಕರೆಂಟ್ ಗಿರಣಿಗೇ ರೂಢಿಯಾಗುತ್ತಾರೆ. ಬೇಗ ಮಾಡು. ಬೀಜ ಎಣಿಸುತ್ತ ಕೂರಬೇಡ.

ಲಲಿತಾ

*

ಗಂಗಾವತಿ
೩ ಫೆಬ್ರವರಿ ೨೦೨೫

ಅಕ್ಕಾ,

ಕುಳಿತುಕೊಂಡು ಓದು. ನಿಂತು ಓದಿದರೆ ಬೀಳುತ್ತೀ.

ಒಂದು ವಾರದಿಂದ ನಾನು ನಿನ್ನ ಇಂಜಿನ್ ತಿಕ್ಕುವುದು ಬಿಟ್ಟು ಬೇರೆ ಕೆಲಸ ಮಾಡಿಲ್ಲ. ಬ್ಲಾಕು ಎರಕದ ಕಬ್ಬಿಣ, ಅದನ್ನು ಕಾಸ್ಟಿಕ್ ಸೋಡಾದ ಬಿಸಿ ನೀರಿನಲ್ಲಿ ಕುದಿಸಿದೆ. ಅದು ಬಿಟ್ಟಿತು. ಪಿಸ್ಟನ್ ಅಲ್ಯುಮಿನಿಯಮ್ಮಿನದು, ಸೋಡಾದಲ್ಲಿ ಹಾಕಿದರೆ ಕರಗಿಹೋಗುತ್ತದೆ, ಅದಕ್ಕೆ ಅದನ್ನು ಕೈಯಲ್ಲೇ ತಿಕ್ಕಬೇಕು. ಹಳೆ ರಿಂಗೊಂದನ್ನು ಮುರಿದು, ಅದರ ತುದಿಯನ್ನು ಚೂಪು ಮಾಡಿಕೊಂಡು, ಒಂದೊಂದೇ ಕಚ್ಚಿನಲ್ಲಿ ಕೂತ ಕಾರ್ಬನ್ ಕೆರೆದೆ. ಹೆಚ್ಚು ಒತ್ತಿದರೆ ಕಚ್ಚು ಅಗಲವಾಗುತ್ತದೆ, ಕಡಿಮೆ ಒತ್ತಿದರೆ ಬಿಡುವುದಿಲ್ಲ. ಬೆರಳಿನ ಸಂದುಗಳೆಲ್ಲ ಒಡೆದಿವೆ. ತುತ್ತು ಎತ್ತಿದರೆ ಉರಿಯುತ್ತದೆ.

ಅಲ್ಲೇ ನನಗೆ ಸಂಶಯ ಬಂದದ್ದು. ಡೀಸೆಲ್ಲಿನ ಮಸಿ ಒಣಗಿರುತ್ತದೆ, ಕೆರೆದರೆ ಪುಡಿಯಾಗಿ ಉದುರುತ್ತದೆ. ಇದು ಉದುರುವುದಿಲ್ಲ. ಕಂದು ಬಣ್ಣ, ಅಂಟಂಟು. ಹಳೆ ಕಡಾಯಿಯ ಹೊರಮೈಗೆ ಕಟ್ಟಿರುತ್ತದಲ್ಲ, ಥೇಟ್ ಹಾಗೇ. ಒಂದು ಚೂರನ್ನು ತಗಡಿನ ಮೇಲಿಟ್ಟು ಕೆಳಗೆ ಬೆಂಕಿ ಹಚ್ಚಿದೆ.

ಅಕ್ಕಾ, ಬಜಿ ವಾಸನೆ ಬಂತು. ಮಿರ್ಚಿ ಬಜಿ. ಓಮದ ಕಾಳು ಸಮೇತ. ಪಕ್ಕದ ವೆಲ್ಡಿಂಗ್ ಅಂಗಡಿಯವನು ಕೆಲಸ ಬಿಟ್ಟು ಎದ್ದು ಬಂದು, "ಎಲ್ಲಿ ಕರ್ಯಾಕತ್ತಾರೋ ಮಾರಾಯಾ, ಹಸಿವ್ಯಾತು" ಅಂದ. ನಾನು ಇಂಜಿನ್ ತೋರಿಸಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ಅಳು ಬಂತು.

ನಿಮ್ಮ ಮನೆಯಲ್ಲಿ ಯಾರೋ ಟಾಕಿಗೆ ಕರಿದ ಎಣ್ಣೆ ಸುರಿದಿದ್ದಾರೆ. ಒಂದು ಸಲ ಅಲ್ಲ, ತಿಂಗಳುಗಟ್ಟಲೆ ಸುರಿದಿದ್ದಾರೆ. ಫಿಲ್ಟರಿನ ಕೆಸರು ಏನು ಗೊತ್ತೇ? ಕಡಲೆ ಹಿಟ್ಟು! ಡೀಸೆಲ್ ಚಿಮ್ಮುವ ನಾಝಲ್ಲಿನ ತೂತುಗಳು ಮುಚ್ಚಿವೆ, ಆಯಿಲ್ ಬೆಲ್ಲದ ಪಾಕವಾಗಿದೆ. ಇದು ನಾನು ಕಟ್ಟಿದ ತಪ್ಪೇ? ಹೇಳು. ಊರೆಲ್ಲ ನನ್ನ ಹೆಸರು ಹಿಡಿದು ಉಗುಳುತ್ತಿದೆಯಲ್ಲ!

ನನಗೆ ಗವಿಸಿದ್ದೇಶ ಮಾವನ ಮೇಲೇ ಅನುಮಾನ. ಡೀಸೆಲ್ ಉಳಿಸುವ ಯುಕ್ತಿ ಅವರದೇ ಇರಬೇಕು. ಫೋನಿನಲ್ಲಿ ಏನೇನೋ ವಿಡಿಯೋ ನೋಡುತ್ತ ಕೂರುವವರು ಆ ಮನೆಯಲ್ಲಿ ಅವರೊಬ್ಬರೇ. ಕೇಳು, ಮತ್ತು ಅವರು ಒಪ್ಪಿಕೊಂಡದ್ದನ್ನು ವಿರೂಪಾಕ್ಷಪ್ಪನವರಿಗೆ ತಿಳಿಸಲು ನನಗೆ ಬರೆ. ಅಲ್ಲಿಯವರೆಗೆ ನಾನು ಒಂದು ಬೋಲ್ಟನ್ನೂ ಬಿಗಿ ಮಾಡುವುದಿಲ್ಲ.

ಕೈಯೆಲ್ಲ ಬಜಿ ವಾಸನೆ ಹಿಡಿದ ನಿನ್ನ ತಮ್ಮ,
ಕೊಟ್ರೇಶ

*

ಕುಕನೂರು
೧೦ ಫೆಬ್ರವರಿ ೨೦೨೫

ಕೊಟ್ರೇಶಾ,

ನಿನ್ನ ಬಾಯಿಗೆ ಏನು ಹಾಕಬೇಕೋ ನನಗೆ ತಿಳಿಯದಾಗಿದೆ. ನಿನ್ನ ಕಾಗದವನ್ನು ಓದಿ ಮುಗಿಸಿ ಒಲೆಯ ಪಕ್ಕ ಇಟ್ಟಿದ್ದೆ. ನಿನ್ನ ಮಾವ ಓದಿಬಿಟ್ಟರು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಊಟಕ್ಕೆ ಕರೆದರೆ "ನಾ ಎಣ್ಣಿ ಕಳ್ಳ ಅಲ್ಲೇನು, ಕಳ್ಳಗ ಯಾಕ ಊಟ?" ಅನ್ನುತ್ತಾರೆ. ಊದಿದ ಭುಜ ಹೊತ್ತುಕೊಂಡು ನಿನ್ನ ಇಂಜಿನ್ ತಿರುಗಿಸಿದ ಮನುಷ್ಯನಿಗೆ ಇದು ಬಹುಮಾನ. ನಿನಗೆ ಸ್ವಲ್ಪವಾದರೂ ನಾಚಿಕೆ ಬೇಕು.

ನನಗೂ ತಲೆ ಕೆಟ್ಟಿತು. ದೇವರ ಜಗಲಿಯ ಮುಂದೆ ಹುಲಿಗೆಮ್ಮನ ಭಂಡಾರ ಇಟ್ಟು, ಕರ್ಪೂರ ಹಚ್ಚಿ, ಎಲ್ಲರನ್ನೂ ಕರೆದೆ. "ಟಾಕಿಗೆ ಯಾರ್ ಏನ್ ಹಾಕೀರಿ, ಭಂಡಾರ ಮುಟ್ಟಿ ಹೇಳ್ರಿ" ಅಂದೆ. ನಿನ್ನ ಮಾವ ಮುಟ್ಟಿದರು. ನಾನೂ ಮುಟ್ಟಿದೆ. ಅವ್ವ ಮಾತ್ರ ಎದ್ದು ನಿಂತಳು.

"ನನ್ನ ಮನ್ಯಾಗ ನನಗ ಆಣಿ ಮಾಡ ಅಂತೀಯೇನು? ನಾ ಏನ್ ಕಳುವು ಮಾಡೀನಿ?" ಅಂದವಳೇ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕಲು ಕೂತಳು. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದಳು. ಪಾಪ, ಅವಳನ್ನು ನೋಯಿಸಿದೆ. ಅಪ್ಪ ತೀರಿದ ಮೇಲೆ ನಮ್ಮಿಬ್ಬರನ್ನೂ ಆ ಗಿರಣಿಯ ಹಿಟ್ಟಿನಲ್ಲೇ ಬೆಳೆಸಿದವಳಿಗೆ ನಾನು ಆಣೆ ಕೇಳಿದೆನಲ್ಲ. ಎಲ್ಲ ನಿನ್ನಿಂದ.

ಈಗ ಒಬ್ಬನೇ ಉಳಿದಿದ್ದಾನೆ. ಗಿರಣಿಯ ಎದುರು ಬಜಿ ಗಾಡಿ ಇಟ್ಟಿರುವ ರಸೂಲಸಾಬ. ಮಧ್ಯಾಹ್ನ ಗಿರಣಿಯ ಬಾಗಿಲು ತೆರೆದೇ ಇರುತ್ತದೆ, ಅವನೇ ಬಂದು ಉಳಿದ ಎಣ್ಣೆ ಸುರಿದಿರಬೇಕು. ನಾಳೆ ಅವನಿಗೆ ಮಾಡುತ್ತೇನೆ.

ಲಲಿತಾ

*

ಕುಕನೂರು
೧೩ ಫೆಬ್ರವರಿ ೨೦೨೫

ಕೊಟ್ರೇಶಾ,

ಅವ್ವ.

ರಸೂಲಸಾಬನ ಮೇಲೆ ನಾನು ನಡುರಸ್ತೆಯಲ್ಲಿ ಹರಿಹಾಯ್ದೆ. ಆತ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದ. "ಎಣ್ಣಿ ನಾ ಯಾಕ ಹಾಕ್ಲಿ ಅಕ್ಕಾರ? ದಿನಾ ಸಂಜೀಕ ಶಂಕ್ರಮ್ಮಾರ ಬಂದು ಉಳದದ್ದು ಒಯ್ತಾರಲ್ರೀ. ಇಂಜಿನ್ನಿಗೆ ಬೇಕಪಾ ಅಂದ್ರು. ಮಷೀನಿಗೆ ನಡೀತಿರಬೇಕು ಅಂತ ಕೊಟ್ಟೆ" ಅಂದ. ಸುತ್ತ ಬಜಿ ತಿನ್ನುವವರು ನಿಂತಿದ್ದರು.

ಗಿರಣಿಗೆ ಬಂದು ನೋಡಿದೆ. ಖಾಲಿ ಕಟ್ಟೆಯ ಹಿಂದೆ, ಹಳೆ ಚೀಲದ ಕೆಳಗೆ ಒಂದು ಕ್ಯಾನು ಇದೆ. ಅದರ ತುಂಬ ಕರಿದ ಎಣ್ಣೆ. ಸೀರೆ ಅರಿವೆಯಲ್ಲಿ ಸೋಸಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದಾಳೆ. ಇಂಜಿನ್ ಬಂದ ಮೇಲೆ ಹಾಕಲು ತೆಗೆದಿಟ್ಟಿದ್ದಾಳೆ ಕೊಟ್ರೇಶಾ.

ಅವಳಿಗೆ ನಾನು ಏನೂ ಕೇಳಿಲ್ಲ. ಕೇಳುವ ಧೈರ್ಯವಿಲ್ಲ. ಅಪ್ಪ ಹೋದ ಮೇಲೆ ಹ್ಯಾಂಡಲ್ ಹಿಡಿದು ತಾನೇ ಇಂಜಿನ್ ಶುರು ಮಾಡಿದವಳು. ತನ್ನ ಕೈಯಿಂದಲೇ ಅದು ಕೆಟ್ಟಿತು, ಮಗನ ಅಂಗಡಿಗೂ ಪೆಟ್ಟು ಬಿತ್ತು ಅಂತ ಗೊತ್ತಾದರೆ ಆಕೆ ಮತ್ತೆ ಗಿರಣಿಯ ಹೊಸ್ತಿಲು ತುಳಿಯುವುದಿಲ್ಲ. ನಿನಗೂ ಗೊತ್ತು, ಆಕೆಯ ಹಟ ನಮ್ಮಿಬ್ಬರಿಗೂ ಬಂದಿದೆ.

ಯಾರಿಗೂ ಹೇಳಬೇಡ. ಮಾವನ ವಿಷಯಕ್ಕೆ ನೀನೇ ಅವರಿಗೆ ಎರಡು ಸಾಲು ಬರೆ. ಮುಂದೇನು ಮಾಡಬೇಕು ಹೇಳು.

ಅಕ್ಕ

*

ಗಂಗಾವತಿ
೨೪ ಫೆಬ್ರವರಿ ೨೦೨೫

ಅಕ್ಕಾ,

ಮೂರು ಸಲ ಬರೆದು ಹರಿದೆ. ಸಿಟ್ಟಿನಲ್ಲಿ ಬರೆದದ್ದನ್ನು ನೀನು ಓದದಿರುವುದೇ ಒಳ್ಳೆಯದು.

ಯಾಕೆ ಹಾಕಿದಳು ಅಂತ ನನಗೆ ಅರ್ಥವೇ ಆಗುತ್ತಿಲ್ಲ. ಡೀಸೆಲ್ ಉಳಿಸಲಿಕ್ಕೇ? ಎಣ್ಣೆ ಚೆಲ್ಲಬಾರದು ಅಂತಲೇ? ಇದ್ದಬದ್ದದ್ದೆಲ್ಲ ತುರುಕಲು ಅದೇನು ದನವೇ, ಕಲಗಚ್ಚು ಕುಡಿದು ಜೀರ್ಣಿಸಿಕೊಳ್ಳಲು? ಎರಡು ದಿನ ಹಾರೆ ಹಿಡಿದು ಗೋಡೆ ಕೆಡವಬೇಕು ಅನ್ನಿಸುವಷ್ಟು ಸಿಟ್ಟಿತ್ತು. ಈಗ ಇಳಿದಿದೆ ಅಂತಲ್ಲ, ದಣಿದಿದೆ.

ನಿಜ ಹೇಳಿದರೆ ಅವ್ವನ ಮುಖ ತಗ್ಗುತ್ತದೆ. ಹೇಳದಿದ್ದರೆ ನನ್ನ ಅಂಗಡಿಯ ಬಾಗಿಲು ಮುಚ್ಚುತ್ತದೆ. ಮುಂದೇನು ಮಾಡಬೇಕು ಅಂತ ಕೇಳಿ ನನ್ನ ತಲೆಗೇ ಕಟ್ಟಿದೆಯಲ್ಲ, ಭಾರೀ ಅಕ್ಕ ನೀನು. ಇರಲಿ. ರಿಂಗ್ ಕೂರಿಸುವಾಗ ಕೊಟ್ರೇಶನದೇ ತಪ್ಪಾಗಿತ್ತು, ಈಗ ಸರಿ ಮಾಡಿ ಕೊಟ್ಟಿದ್ದಾನೆ ಅಂತ ತಾಜಬೀಗೆ ಹೇಳು. ಊರಿಗೆಲ್ಲ ಹೇಳಿದಂತಾಗುತ್ತದೆ. ಸಿದ್ದಾಪುರಕ್ಕೂ ಆಕೆಯೇ ಮುಟ್ಟಿಸುತ್ತಾಳೆ. ವಿರೂಪಾಕ್ಷಪ್ಪನವರು ಹೋದರೆ ಹೋಗಲಿ. ಸಣ್ಣಪುಟ್ಟ ಪಂಪಿನ ಕೆಲಸ ಮಾಡಿಕೊಂಡು ಎಷ್ಟು ದಿನ ಆಗುತ್ತದೋ ಅಷ್ಟು ದಿನ ಅಂಗಡಿ ನಡೆಸುತ್ತೇನೆ.

ಇಂಜಿನ್ ಪೂರ್ತಿ ತೊಳೆದು, ಹೊಸ ರಿಂಗು, ಹೊಸ ನಾಝಲ್ ಹಾಕಿ ಕಟ್ಟಿದ್ದೇನೆ. ಸೈಲೆನ್ಸರನ್ನು ಬೆಂಕಿಗೆ ಹಾಕಿ ಸುಟ್ಟು ಮಸಿ ಉದುರಿಸಿದ್ದೇನೆ. ಕಬ್ಬಿಣದ ಬಣ್ಣ ಮತ್ತೆ ಕಾಣುತ್ತಿದೆ. ನಮ್ಮ ಫಿಟ್ಟರ್ ಟೆಂಪೋದ ಜೊತೆ ಬಂದು ಕೂರಿಸಿ ಹೋಗುತ್ತಾನೆ. ನನಗೆ ಬರಲು ಆಗುವುದಿಲ್ಲ, ಸೀಜನ್ ಹತ್ತಿರ ಬಂತು.

ಟಾಕಿಯ ಮುಚ್ಚಳಕ್ಕೆ ಕೊಂಡಿ ಬೆಸುಗೆ ಹಾಕಿಸಿ ಕೀಲಿ ಹಾಕಿದ್ದೇನೆ. ಕೀಲಿಕೈ ಗವಿಸಿದ್ದೇಶ ಮಾವನ ಉಡದಾರದಲ್ಲಿ ಇರಲಿ. ಅವ್ವ ಕೇಳಿದರೆ ಡೀಸೆಲ್ ಕಳ್ಳರ ಕಾಟ ಅಂತ ಹೇಳು. ಮಾವನಿಗೆ ಬೇರೆ ಚೀಟಿ ಬರೆದಿದ್ದೇನೆ, ಕಾಲು ಹಿಡಿದಿದ್ದೇನೆ ಅಂತಲೇ ತಿಳಿ.

ಕೊಟ್ರೇಶ

*

ಕುಕನೂರ
೧೮ ಮಾರ್ಚ್ ೨೦೨೫

ಕೊಟ್ರ್ಯಾ,

ನಿಮ್ಮವ್ವ ಶಂಕ್ರಮ್ಮ ಬರಿಯೂದು. ಸಾಲ್ಯಾಗ ನಾಕನೇತ್ತ ಕಲತಾಕಿ ನಾ, ಕೈ ನಡಗತಾವ, ಅಕ್ಷರ ವಾರಿ ಆಗ್ಯಾವ. ಹೊಂದಿಸಿಕೊಂಡು ಓದಕೋ.

ಇಂಜಿನ್ ಬಂದು ಕುಂತೈತಿ. ಛಲೋ ನಡದೈತಿ. ಒಂದ ಸಲ ತಿರುವಿದ್ರ ಹತ್ತತೈತಿ. ಸಪ್ಪಳ ನಿಮ್ಮಪ್ಪ ಇದ್ದಾಗ ಹೆಂಗಿತ್ತೋ ಹಂಗ ಆಗೈತಿ. ತಾಜಬೀ ಹೊಸಾ ಜ್ವಾಳ ಹೊತಗೊಂಡು ಹೊಳ್ಳಿ ಬಂದಾಳ.

ಆದ್ರ ಟಾಕಿಗೆ ಕೀಲಿ ನೋಡಿದೆ. ನಾ ಈ ಮನಿಗೆ ಬಂದಾಗಿಂದ ಗಿರಣಿ ಬಾಗಲಾ ಹಗಲೆಲ್ಲಾ ತಗದ ಇರತೈತಿ, ಯಾರೂ ಒಂದ ಮುಷ್ಟಿ ಹಿಟ್ಟ ಒಯ್ದಿಲ್ಲ. ಕೀಲಿ ಯಾಕಂತ ಕೇಳಿದ್ರ ಲಲಿತಾ ಮಾರಿ ಕೆಳಗ ಹಾಕಿ ಡೀಸೆಲ್ ಕಳ್ಳರು ಅಂದ್ಲು. ಅಕಿ ಮಾರಿ ಕೆಳಗ ಹಾಕಿದ್ರ ಸುಳ್ಳು ಹೇಳಾಕತ್ಯಾಳಂತ ಹಡದಾಕಿಗೆ ಗೊತ್ತಾಗೂದಿಲ್ಲೇನು? ನನ್ನ ಕ್ಯಾನೂ ಕಾಣವಲ್ದು. ರಸೂಲಸಾಬನ ಕೇಳಿದೆ. ಅಂವ ಎಲ್ಲಾ ಹೇಳಿದ. ಆಮ್ಯಾಲೆ ಲಲಿತಾನ ಕುಂದರಿಸಿಕೊಂಡು ನಿನ್ನ ಪತ್ರ ಎಲ್ಲಾ ಓದಿಸಿದೆ, ಅಕಿ ಬರದದ್ದೂ ಬಾಯಿಲೆ ಹೇಳಿಸಿದೆ.

ಅಲ್ಲೋ, ಅಕ್ಕ ತಮ್ಮ ಇಬ್ಬರೂ ಕೂಡಿ ಚಳಿಗಾಲ ಪೂರಾ ಪತ್ರ ಬರಕೋತ ಕುಂತ್ರಿ. ಅಳಿಯನ ಕಳ್ಳ ಮಾಡಿದ್ರಿ. ಬಜಿ ಮಾರಾಂವನ್ನ ಕಳ್ಳ ಮಾಡಿದ್ರಿ. ಭಂಡಾರ ಇಟ್ಟು ಆಣಿ ಮಾಡ ಅಂದ್ರಿ. ಅವ್ವಾ, ಎಣ್ಣಿ ನೀ ಹಾಕೀಯೇನು ಅಂತ ಆಣಿ ಇಲ್ಲದ ನೆಟ್ಟಗ ಒಬ್ಬರೂ ಕೇಳಲಿಲ್ಲ. ಕೇಳಿದ್ರ ಹೂಂ ಅಂತಿದ್ದೆ. ನಾ ಏನ್ ಮುಚ್ಚಿ ಹಾಕಿಲ್ಲ. ನಿಮ್ಮ ಶಾಣ್ಯಾತನ ಸುಡ್ಲಿ.

ಯಾಕ ಹಾಕಿದ್ಲು ಅಂತ ನಿನಗ ಅರ್ಥ ಆಗವಲ್ತಂತ ಬರದೀ. ಕೇಳು. ಹೋದ ಯುಗಾದಿ ಅಮಾಸಿಗೆ ನೀ ಇಂಜಿನ್ ಕಟ್ಟಿ ಕುಂದರಿಸಿದಿ. ಎಣ್ಣೀ ಕೈಲೇ ಮಿರ್ಚಿ ತಿಂದಿ. ಪ್ರತಿ ಅಮಾಸಿಗೆ ಬರ್ತೀನವ್ವಾ, ಪೂಜಿ ನಂದು, ಮಿರ್ಚಿ ನಿಂದು ಅಂದಿ. ಮುಂದಿನ ಅಮಾಸಿಗೆ ಹಿಟ್ಟು ಕಲಸಿದೆ, ಎಣ್ಣಿ ಕಾಸಿದೆ. ನೀ ಬರಲಿಲ್ಲ. ಓಣಿ ಮಂದಿ ತಿಂದ್ರು. ಎಣ್ಣಿ ಉಳೀತು. ಮಗಾ ಉಣಲಿಲ್ಲ, ಅಂವ ಕಟ್ಟಿದ ಇಂಜಿನ್ನಾದ್ರೂ ಉಣಲಿ ಅಂತ ಟಾಕಿಗೆ ಹಾಕಿದೆ. ಎಳ್ಳ ಅಮಾಸಿಗೆ ಮಂದಿ ಹೊಲಕ್ಕ ಚರಗಾ ಚೆಲ್ಲಿ ಭೂಮಿತಾಯಿಗೆ ಉಣಸ್ತಾರ. ನಮಗ ಹೊಲ ಎಲ್ಲೈತಿ? ನಮ್ಮ ಹೊಟ್ಟಿ ತುಂಬಿಸಿದ್ದು ಆ ಇಂಜಿನ್ನ.

ಅದು ಬ್ಯಾಡ ಅನಲಿಲ್ಲ. ನಡೀತು. ಮುಂದಿನ ಅಮಾಸಿಗೂ ನೀ ಬರಲಿಲ್ಲ, ಮತ್ತ ಹಾಕಿದೆ. ಆಮ್ಯಾಲೆ ಚಟಾ ಬಿತ್ತು. ರಸೂಲಸಾಬ ಎಣ್ಣಿ ಗಟಾರಕ್ಕ ಚೆಲ್ಲೂದು ನೋಡಿ ಹೊಟ್ಟಿ ಉರೀತು, ಅದನ್ನೂ ತಂದು ಹಾಕಿದೆ. ಅದು ತಪ್ಪು. ಈಗ ಗೊತ್ತಾತು. ಗೊತ್ತಿಲ್ಲದ ಮಾಡಿದ್ದು, ಅದಕ್ಕ ನಾ ಗಿರಣಿ ಬಿಟ್ಟು ಮೂಲ್ಯಾಗ ಕುಂದ್ರೂದಿಲ್ಲ. ಹಂಗ ಕುಂತಿದ್ರ ನೀವಿಬ್ಬರೂ ಇಷ್ಟು ದೊಡ್ಡವರ ಆಗತಿರಲಿಲ್ಲ.

ನಿನ್ನೆ ಸಿದ್ದಾಪುರಕ್ಕ ಹೋಗಿದ್ದೆ. ತಾಜಬೀನ ಜೋಡಿ ಕರಕೊಂಡು ಹೋಗಿದ್ದೆ, ಅಕಿ ತಂಗಿ ಮನೀ ದಾರಿ ಅಕಿಗೆ ಗೊತ್ತು. ವಿರೂಪಾಕ್ಷಪ್ಪನ ಮಿಲ್ಲಿಗೆ ಹೋಗಿ ಅಂವನ ಆಳ ಮಂದಿ ಮುಂದ ಹೇಳಿದೆ. "ನನ್ನ ಮಗ ಕಟ್ಟಿದ್ದು ಕೆಟ್ಟಿಲ್ರೀ ಯಪ್ಪಾ. ಬಜಿ ಎಣ್ಣಿ ಹಾಕಿ ಕೆಡಿಸಿದಾಕಿ ನಾ" ಅಂದೆ. ಅಂವ ಮದಲ ನನ್ನ ಮಾರಿ ನೋಡಿದ. ಆಮ್ಯಾಲೆ ನಗಾಕ ಹತ್ತಿದ, ಕಣ್ಣಾಗ ನೀರು ಬರೂ ಮಟ ನಕ್ಕ. "ಅವ್ವಾರ, ಬಜಿ ಎಣ್ಣಿ ಕುಡದು ಅಷ್ಟು ತಿಂಗಳ ನಡದೈತಂದ್ರ ನಿಮ್ಮ ಮಗ ಭಾಳ ಗಟ್ಟಿ ಕಟ್ಟ್ಯಾನ ಬಿಡ್ರಿ" ಅಂದ. ಚಹಾ ಕುಡಿಸಿದ. ನಿನ್ನ ಕಡೆ ಬರ್ತಾನಂತ. ತಯಾರ ಇರು.

ಹೋಗೂ ಮುಂದ ಬಸ್ಸು ನಿನ್ನ ಅಂಗಡಿ ಮುಂದ ಹಾದು ಹೋತು. ಬೋರ್ಡ್ ಓದಿದೆ, ಛಲೋ ಬರಿಸೀ. ನೀ ನೆಲಕ್ಕ ಕುಂತು ಏನೋ ಕಬ್ಬಿಣ ತಿಕ್ಕಾಕತ್ತಿದ್ದಿ. ತಲಿ ಎತ್ತಲಿಲ್ಲ. ಕೂದಲಾ ಬೆಳ್ಳಗ ಆಗಾಕತ್ಯಾವ. ತಾಜಬೀ "ಇಳಿಯೂಣ ಬರ್ರಿ ಶಂಕ್ರವ್ವ" ಅಂದ್ಲು. ನಾ ಬ್ಯಾಡ ಅಂದೆ. ಬರೂ ಮುಂದನೂ ಕಿಟಕ್ಯಾಗ ನೋಡಿದೆ. ನೀ ಅಲ್ಲೇ ಕುಂತಿದ್ದಿ.

ಈ ತಿಂಗಳ ಕಡೀಕ ಯುಗಾದಿ ಅಮಾಸಿ. ನಾ ಎಣ್ಣಿ ಕಾಸಾಕಿನ, ನನಗ ಬಿಡೂದಾಗೂದಿಲ್ಲ. ಟಾಕಿಗಂತೂ ನೀ ಕೀಲಿ ಹಾಕೀ. ಇನ್ನ ಕರದದ್ದು ಯಾರಿಗೆ ಉಣಸಬೇಕು, ನೀನ ಹೇಳು.

ನಿಮ್ಮವ್ವ
ಶಂಕ್ರಮ್ಮ